ನಲವತ್ತು ದಾಟಿದ ಮೇಲೆ ಮನಸ್ಸು ತೆರೆಯುವುದು ಹೇಗೆ: ಕರಾವಳಿಯವರಿಗೆ

ಕಾಲೇಜಿನಲ್ಲಿದ್ದಾಗ ಆಸಿಡ್, ಸ್ಟ್ಯಾಂಪ್ (ಎರಡೂ ಎಲ್‌ಎಸ್‌ಡಿ ಎಂಬ ಅಮಲಿನ ಮದ್ದೇ), ಅಮಲಿನ ಅಣಬೆ ಇವುಗಳ ಹೆಸರು ಕೇಳದವರು ನಮ್ಮ ತಲೆಮಾರಿನಲ್ಲಿ ಕಡಿಮೆ. ರಜೆಯಲ್ಲಿ ಗೋವಾಕ್ಕೋ ಗೋಕರ್ಣಕ್ಕೋ ಹೋಗಿ ಬಂದವರು ಹಾಸ್ಟೆಲಿನ ಟೆರೇಸಿನಲ್ಲಿ ಕೂತು ಕಥೆ ಹೇಳುತ್ತಿದ್ದರು. ಗೋಡೆ ಉಸಿರಾಡುತ್ತಿತ್ತು, ಸಮುದ್ರದ ಸದ್ದಿಗೆ ಬಣ್ಣ ಇತ್ತು, ನಾನು ಅನ್ನುವವನೇ ಇರಲಿಲ್ಲ ಅಂತ. ಕೆಲವರು ತಾವೂ ನೋಡಿದರು, ಕೆಲವರು ಹೆದರಿ ಬಿಟ್ಟರು. ಈಗ ಐವತ್ತರ ಹತ್ತಿರ ಬಂದಿರುವ ಅದೇ ಜನ ನನ್ನ ಹತ್ತಿರ ಒಂದು ಪ್ರಶ್ನೆ ಕೇಳುತ್ತಿರುತ್ತಾರೆ. ಆ ತರದ್ದು ಇನ್ನೊಮ್ಮೆ ಬೇಕು, ಆದರೆ ಮದ್ದು ಬೇಡ, ಪೊಲೀಸ್ ಬೇಡ, ಬಿಪಿ ಏರುವುದು ಬೇಡ. ಆಗುತ್ತದಾ?

ಆಗುತ್ತದೆ. ಗೋಡೆ ಉಸಿರಾಡುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಹೊತ್ತು ಮರೆಯುವುದು, ನಾನು ನನ್ನದು ಅನ್ನುವ ಗದ್ದಲ ಸ್ವಲ್ಪ ಹೊತ್ತು ನಿಲ್ಲುವುದು, ಮರುದಿನ ನಮ್ಮದೇ ಅಂಗಳ ಹೊಸದಾಗಿ ಕಾಣುವುದು, ಇಷ್ಟು ಸಿಗುತ್ತದೆ. ಅದಕ್ಕೆ ಬೇಕಾದ ಕಲೆ ಮಂಗಳೂರು, ಉಡುಪಿ ಸುತ್ತಮುತ್ತ ಬೇಕಾದಷ್ಟು ಉಂಟು. ನಾವು ಅದರ ಹತ್ತಿರ ಹೋಗುವ ರೀತಿ ಸರಿ ಇಲ್ಲ, ಅಷ್ಟೇ. ಆಸಿಡ್ ತಗೊಳ್ಳುವ ಹುಡುಗ ಕೂಡ ಒಂದು ದಿನ ಪೂರ್ತಿ ಖಾಲಿ ಇಟ್ಟುಕೊಳ್ಳುತ್ತಿದ್ದ, ನಂಬಿಕೆಯ ಗೆಳೆಯನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದ, ಎಲ್ಲಿ ಕೂತರೆ ಒಳ್ಳೆಯದು ಅಂತ ಯೋಚನೆ ಮಾಡುತ್ತಿದ್ದ. ನಾವು ಯಕ್ಷಗಾನ ಆಟಕ್ಕೆ ಹೋಗಿ ಇಪ್ಪತ್ತು ನಿಮಿಷ ನಿಂತು, ಎರಡು ವಿಡಿಯೋ ತೆಗೆದು, ಚರ್ಮುರಿ ತಿಂದು ಮನೆಗೆ ಬರುತ್ತೇವೆ. ಆಮೇಲೆ ನನಗೇನೂ ಅನಿಸಲಿಲ್ಲ ಅನ್ನುತ್ತೇವೆ. ಹೇಗೆ ಅನಿಸಬೇಕು?

ಮೊದಲು ಮದ್ದಿನ ವಿಚಾರ ಮುಗಿಸೋಣ

ಎಲ್‌ಎಸ್‌ಡಿಯನ್ನು ಮೊದಲು ತಯಾರಿಸಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ, ಸ್ಯಾಂಡೋಜ್ ಕಂಪನಿಯ ರಸಾಯನ ವಿಜ್ಞಾನಿ ಆಲ್ಬರ್ಟ್ ಹಾಫ್‌ಮನ್, 1938ರಲ್ಲಿ. ರೈ ಧಾನ್ಯಕ್ಕೆ ಹಿಡಿಯುವ ಎರ್ಗಟ್ ಎಂಬ ಬೂಷ್ಟಿನಿಂದ ಸಿಗುವ ವಸ್ತುಗಳ ಮೇಲೆ ಅವರು ಕೆಲಸ ಮಾಡುತ್ತಿದ್ದರು. ಅದು ತಲೆಗೆ ಏನು ಮಾಡುತ್ತದೆ ಅಂತ ಗೊತ್ತಾಗಿದ್ದು 1943ರಲ್ಲಿ. ಆ ವರ್ಷ ಏಪ್ರಿಲ್ 19ರಂದು ಅವರು ತಾವೇ 0.25 ಮಿಲಿಗ್ರಾಂ ತಗೊಂಡು, ಸೈಕಲ್ಲಿನಲ್ಲಿ ಮನೆಗೆ ಹೋದರು. ಅಣಬೆಯೊಳಗಿನ ಸೈಲೋಸೈಬಿನ್ ಅನ್ನು ಬೇರೆ ಮಾಡಿದ್ದೂ ಅವರೇ, 1958ರಲ್ಲಿ. ಎರಡೂ ಮಿದುಳಿನ ಸೆರೊಟೊನಿನ್ ಗ್ರಾಹಕಗಳಿಗೆ, ಅಂದರೆ ಸೆರೊಟೊನಿನ್ ಎಂಬ ರಾಸಾಯನಿಕ ಅಂಟಿಕೊಳ್ಳುವ ಜಾಗಗಳಿಗೆ, ಹೋಗಿ ಕೂರುತ್ತವೆ. ನಮ್ಮ ಬಗ್ಗೆಯೇ ನಾವು ಯೋಚಿಸುತ್ತಾ ಕೂತಾಗ ಮಿದುಳಿನ ಕೆಲವು ಭಾಗಗಳು ಒಟ್ಟಾಗಿ ಚುರುಕಾಗಿರುತ್ತವೆ. ಸೈಲೋಸೈಬಿನ್ ಕೊಟ್ಟಾಗ ಆ ಭಾಗಗಳ ಚಟುವಟಿಕೆ ಇಳಿಯುವುದು ಲಂಡನ್ನಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಮಿದುಳಿನ ಸ್ಕ್ಯಾನ್‌ಗಳಲ್ಲಿ ಕಂಡಿತು.

ಇನ್ನೊಂದು ಅಧ್ಯಯನ ನನಗೆ ಇದಕ್ಕಿಂತ ಮುಖ್ಯ. 2006ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 36 ಮಂದಿಗೆ ಸೈಲೋಸೈಬಿನ್ ಕೊಟ್ಟು ನೋಡಿದ ಫಲಿತಾಂಶ ಪ್ರಕಟಿಸಿದರು. ಹೆಚ್ಚುಕಡಿಮೆ ಮೂರನೇ ಎರಡರಷ್ಟು ಜನ ಅದನ್ನು ತಮ್ಮ ಜೀವನದ ಐದು ಅತಿ ಅರ್ಥಪೂರ್ಣ ಅನುಭವಗಳಲ್ಲಿ ಒಂದು ಅಂದರು. ಸುದ್ದಿಯಾಗಿದ್ದು ಇಷ್ಟು. ಆದರೆ ಅಲ್ಲಿ ಸುಮ್ನೆ ಮಾತ್ರೆ ಕೊಟ್ಟು ಕಳಿಸಿರಲಿಲ್ಲ. ಮೊದಲೇ ಹಲವು ಗಂಟೆ ಕೂತು ಮಾತಾಡಿ ಪರಿಚಯ ಮಾಡಿಕೊಂಡಿದ್ದರು. ಮನೆಯ ಹಾಗಿದ್ದ ಕೋಣೆ, ಸೋಫಾ, ಕಣ್ಣಿಗೆ ಪಟ್ಟಿ, ಆರಿಸಿಟ್ಟ ಸಂಗೀತ, ಪಕ್ಕದಲ್ಲಿ ನೋಡಿಕೊಳ್ಳುವವರು, ಮುಗಿದ ಮೇಲೆ ಮತ್ತೆ ಮಾತು. ಹೋಗುವಾಗ ಮನಸ್ಸು ಹೇಗಿತ್ತು, ಸುತ್ತಲಿನ ಜಾಗ ಹೇಗಿತ್ತು, ಇವೆರಡರ ಮೇಲೆ ಎಲ್ಲವೂ ನಿಂತಿದೆ ಅಂತ ಆ ಕ್ಷೇತ್ರದವರು 1960ರ ದಶಕದಿಂದ ಹೇಳುತ್ತಾ ಬಂದಿದ್ದಾರೆ. ಮಾತ್ರೆ ಬಿಟ್ಟು ಉಳಿದದ್ದನ್ನೆಲ್ಲಾ ನಾವು ಇಲ್ಲೇ ಮಾಡಿಕೊಳ್ಳಬಹುದು.

ಮದ್ದು ತಗೊಳ್ಳಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ನಮ್ಮ ಗುಂಪಿನಲ್ಲಿ ಒಬ್ಬನಿಗೆ ಒಂದು ರಾತ್ರಿಯ ಹೆದರಿಕೆ ತಿಂಗಳುಗಟ್ಟಲೆ ಹೋಗಲಿಲ್ಲ. ಓದು ನಿಂತಿತು. ಮನೆಯವರು ದೈವಕ್ಕೆ ಹರಕೆ ಹೇಳಿಕೊಂಡರು, ಆಮೇಲೆ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದರು. ಮನೆತನದಲ್ಲಿ ಸ್ಕಿಜೋಫ್ರೇನಿಯಾ ಅಥವಾ ಬೈಪೋಲಾರ್ ಇದ್ದರೆ ಅಪಾಯ ಜಾಸ್ತಿ. ಸ್ಟ್ಯಾಂಪ್ ಅಂತ ಕೊಡುವ ಕಾಗದದಲ್ಲಿ ಬೇರೆಯೇ ವಿಷವಸ್ತು ಇರಬಹುದು, ಕಣ್ಣಿಗೆ ಗೊತ್ತಾಗುವುದಿಲ್ಲ. ಮಳೆಗಾಲದಲ್ಲಿ ಗುಡ್ಡದಲ್ಲಿ ಏಳುವ ಅಣಬೆಯನ್ನು ಅದೇ ಇದು ಅಂತ ತಿಂದರೆ ಲಿವರ್ ಹೋಗಬಹುದು. ಮಾದಕ ವಸ್ತುಗಳ ಕಾನೂನು ಕೂಡ ಸಣ್ಣದಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಎಲ್‌ಎಸ್‌ಡಿಗೆ 0.1 ಗ್ರಾಂ ದಾಟಿದರೆ ಆಗಲೇ ವಾಣಿಜ್ಯ ಪ್ರಮಾಣ, ಶಿಕ್ಷೆ ಕನಿಷ್ಠ 10 ವರ್ಷ. ನಿಮ್ಮ ಮನೆಯ ಮಕ್ಕಳು ಇದರಲ್ಲಿ ಸಿಕ್ಕಿಕೊಂಡಿದ್ದಾರೆ ಅನಿಸಿದರೆ ಬೈಯುವ ಮೊದಲು ಫೋನ್ ಮಾಡಿ. ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416, ವ್ಯಸನಕ್ಕೆ 14446. ಎರಡೂ ಸರಕಾರದ್ದು, ದುಡ್ಡಿಲ್ಲ.

ತಯಾರಿ

ಈಗ ನಮ್ಮ ಕೆಲಸಕ್ಕೆ ಬರೋಣ. ಮೊದಲು ಹೊತ್ತು ಎತ್ತಿಡಿ. ಎರಡು ಕೆಲಸದ ನಡುವೆ ಒಂದು ಗಂಟೆ ತೂರಿಸಿದರೆ ಏನೂ ಆಗುವುದಿಲ್ಲ, ಯಾಕೆಂದರೆ ಮನಸ್ಸು ಇಳಿಯುವುದಕ್ಕೇ ಮುಕ್ಕಾಲು ಗಂಟೆ ಬೇಕು. ಹೋಗುವ ದಿನವೂ ಮರುದಿನ ಬೆಳಿಗ್ಗೆಯೂ ಯಾರಿಗೂ ಮಾತು ಕೊಡಬೇಡಿ. ಫೋನ್ ಕಾರಿನಲ್ಲಿರಲಿ. ಸೈಲೆಂಟಿನಲ್ಲಿ ಕಿಸೆಯಲ್ಲಿರುವ ಫೋನ್ ಕೂಡ ಫೋನೇ, ಕೈ ಅದರ ಕಡೆ ಹೋಗುತ್ತಲೇ ಇರುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದು ಬಿಟ್ಟು ಹೋಗಲು ಆಗದಿದ್ದರೆ, ಜೊತೆಗೆ ಬಂದವರ ನಂಬರ್ ಕೊಟ್ಟು ಹೋಗಿ.

ಊಟ ಹಗುರ ಇರಲಿ. ಗಂಜಿ ಚಟ್ನಿ ಉಂಡು ಹೋದವರು ಎಚ್ಚರ ಇರುತ್ತಾರೆ, ಬಿರಿಯಾನಿ ತಿಂದವರು ಹತ್ತಕ್ಕೇ ತೂಕಡಿಸುತ್ತಾರೆ. ಕುಡಿದು ಹೋಗಲೇಬೇಡಿ. ಕುಡಿತ ಕಣ್ಣನ್ನೂ ಕಿವಿಯನ್ನೂ ಮಂದ ಮಾಡುತ್ತದೆ, ನಮಗೆ ಬೇಕಾಗಿರುವುದು ಅದರ ವಿರುದ್ಧ.

ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ, ಇಬ್ಬರಿಗಿಂತ ಜಾಸ್ತಿ ಬೇಡ. ಮಾತಾಡದೆ ಪಕ್ಕದಲ್ಲಿ ಕೂರಬಲ್ಲವರು ಬೇಕು. ನಮ್ಮಲ್ಲಿ ಇದಕ್ಕೆ ತುಂಬ ಒಳ್ಳೆಯ ಜನ ಅಂದರೆ ಹಳೆಯ ಕಾಲದ ಅಜ್ಜಂದಿರು, ಯಾವ ಪದ್ಯಕ್ಕೆ ಯಾವ ವೇಷ ಬರುತ್ತದೆ ಅಂತ ಗೊತ್ತಿದ್ದೂ ಬಾಯಿ ಬಿಡದವರು. ಅಂಥವರು ಕುಟುಂಬದಲ್ಲಿದ್ದರೆ ಬಿಡಬೇಡಿ.

ರಾತ್ರಿ ಇಡೀ ಆಟ

ನನ್ನ ಕೇಳಿದರೆ ಕರಾವಳಿಯಲ್ಲಿ ಇದಕ್ಕಿಂತ ದೊಡ್ಡದು ಇಲ್ಲ. ಪ್ರಪಂಚದ ದೊಡ್ಡ ಊರುಗಳಲ್ಲಿ ಈಗ ಗೋಡೆ ತುಂಬಾ, ನೆಲ ತುಂಬಾ ಪ್ರೊಜೆಕ್ಟರ್ ಹಾಕಿ ಜನರನ್ನು ಚಿತ್ರದೊಳಗೆ ನಿಲ್ಲಿಸುವ ಪ್ರದರ್ಶನ ನಡೆಯುತ್ತದೆ, ಸಾವಿರಾರು ರೂಪಾಯಿ ಕೊಟ್ಟು ಹೋಗುತ್ತಾರೆ. ನಮ್ಮಲ್ಲಿ ಹರಕೆ ಆಟಕ್ಕೆ ಟಿಕೆಟೇ ಇಲ್ಲ. ಯಾರದೋ ಮನೆಯವರು ಹರಕೆ ಹೇಳಿಕೊಂಡು ಆಡಿಸುತ್ತಾರೆ, ಹೆಚ್ಚಿನ ಕಡೆ ಬಂದವರಿಗೆಲ್ಲ ಊಟ ಹಾಕುತ್ತಾರೆ, ಕುರ್ಚಿ ಕೊಡುತ್ತಾರೆ. ಮೇಳಗಳು, ಅಂದರೆ ಯಕ್ಷಗಾನ ತಂಡಗಳು, ಸಾಧಾರಣ ನವೆಂಬರಿನಲ್ಲಿ ಹೊರಟು ಮೇ ಕೊನೆಗೆ, ಪತ್ತನಾಜೆ ಎಂಬ ತುಳುವರ ದಿನದ ಹೊತ್ತಿಗೆ ಗೆಜ್ಜೆ ಬಿಚ್ಚುತ್ತವೆ. ಆ ನಡುವೆ ಧರ್ಮಸ್ಥಳ, ಕಟೀಲು, ಮಂದಾರ್ತಿ ಮೇಳಗಳ ಆಟ ಎಲ್ಲಿ ಅಂತ ಪೇಪರಿನಲ್ಲಿ ದಿನಾ ಬರುತ್ತದೆ. ಈಗ ಕಾಲಮಿತಿ ಆಟ ಜಾಸ್ತಿ, ನಡುರಾತ್ರಿಗೆ ಮುಗಿಯುತ್ತದೆ. ಮೊದಲ ಸಲಕ್ಕೆ ಅದು ಸಾಕು. ಆದರೆ ಒಮ್ಮೆಯಾದರೂ ಬೆಳಗಿನವರೆಗಿನದ್ದು ನೋಡಲೇಬೇಕು, ಯಾಕೆ ಅಂತ ಹೇಳುತ್ತೇನೆ.

ಮೊದಲ ಸಲ ಆದರೆ ತೆಂಕುತಿಟ್ಟಿನ, ಅಂದರೆ ತೆಂಕಣ ಶೈಲಿಯ, ದೇವಿ ಮಹಾತ್ಮೆ ಆರಿಸಿಕೊಳ್ಳಿ. ಕಥೆಯನ್ನು ಮನೆಯಲ್ಲೇ ಕೇಳಿ ತಿಳಿದುಕೊಂಡು ಹೋಗಿ: ಮಧು ಕೈಟಭರು, ಮಹಿಷಾಸುರ, ಚಂಡ ಮುಂಡರು, ರಕ್ತಬೀಜ, ಶುಂಭ ನಿಶುಂಭರು. ಕಥೆ ಗೊತ್ತಿಲ್ಲದವರ ತಲೆ ಮುಂದೆ ಏನಾಯಿತು ಅಂತ ಓಡುತ್ತಾ ಇರುತ್ತದೆ. ಗೊತ್ತಿದ್ದವರ ತಲೆ ನಿಧಾನವಾಗಿ ಓಟ ನಿಲ್ಲಿಸುತ್ತದೆ, ಬರೀ ಬಣ್ಣ, ಹೆಜ್ಜೆ, ಶ್ರುತಿ ಮಾತ್ರ ಉಳಿಯುತ್ತದೆ.

ಬೇಗ ಹೋಗಿ. ಆಟ ಶುರುವಾಗುವ ಮೊದಲೇ ವೇಷ ಹಾಕುವ ಜಾಗವಾದ ಚೌಕಿಗೆ ಹೋಗಿ, ಚಪ್ಪಲಿ ಹೊರಗೆ ಬಿಟ್ಟು, ಕೇಳಿಕೊಂಡು ಒಂದು ಮೂಲೆಯಲ್ಲಿ ಕೂತುಕೊಳ್ಳಿ. ಬಣ್ಣದ ವೇಷದವರು, ಅಂದರೆ ರಕ್ಕಸರ ಪಾತ್ರ ಮಾಡುವವರು, ಅಕ್ಕಿ ಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚುಟ್ಟಿ ಇಡುವುದನ್ನು ನೋಡಿ. ಗಂಟೆಗಟ್ಟಲೆ ಹಿಡಿಯುತ್ತದೆ. ಎದುರಿಗೆ ಕೂತಿದ್ದ ಸಾಧಾರಣ ಮನುಷ್ಯ, ಈಗಷ್ಟೇ ಯಾರ ಹತ್ತಿರವೋ ಮಗಳ ಪರೀಕ್ಷೆ ವಿಷಯ ಮಾತಾಡುತ್ತಿದ್ದವರು, ಚುಕ್ಕಿ ಚುಕ್ಕಿಯಾಗಿ ಮರೆಯಾಗುತ್ತಾ ಹೋಗುತ್ತಾರೆ. ನಮ್ಮ ಮುಖ ಅಂತ ನಾವು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದೇವೆ ಅನ್ನುವ ಯೋಚನೆ ನಿಮಗೆ ಅಲ್ಲೇ ಶುರುವಾಗುತ್ತದೆ. ಮಾತಾಡಿಸಬೇಡಿ, ಫೋಟೋ ಬೇಡ.

ಕೂರುವುದಕ್ಕೆ ಜಾಗ ಆರಿಸುವಾಗ ಮಧ್ಯದ ದಾರಿಯ ಪಕ್ಕ ಕೂತುಕೊಳ್ಳಿ, ತೀರಾ ಮುಂದೆ ಬೇಡ. ಸ್ಪೀಕರಿನ ಎದುರು ಕೂತರೆ ಮರುದಿನ ಕಿವಿ ಗುಂಯ್ ಅನ್ನುತ್ತದೆ, ಅದರಿಂದ ದೂರ ಇರಿ. ಪದ್ಯ ಹಾಡುವ ಭಾಗವತರೂ ಚೆಂಡೆಯವರೂ ಕಾಣುವ ಹಾಗಿರಲಿ. ಮೊದಲ ಒಂದೂವರೆ ಗಂಟೆ ಬೇಜಾರಾಗುತ್ತದೆ. ಅದು ಆಗಲೇಬೇಕು. ಫೋನ್ ಹುಡುಕುವ ಕೈ, ನಾಳೆಯ ಕೆಲಸ, ಬೆನ್ನು ನೋವು, ಎಲ್ಲಾ ಬಂದು ಹೋಗುತ್ತವೆ. ಎದ್ದು ಹೋಗುವವರು ಹೆಚ್ಚಿನವರು ಈ ಹೊತ್ತಿಗೇ ಎದ್ದು ಹೋಗುವುದು. ಇನ್ನರ್ಧ ಗಂಟೆ ಕೂರಿ.

ನಡುರಾತ್ರಿ ಕಳೆದ ಮೇಲೆ ಬೇರೆ ಏನೋ ಆಗುತ್ತದೆ. ಚೆಂಡೆಯ ಪೆಟ್ಟು ಕಿವಿಯಿಂದ ಇಳಿದು ಎದೆಗೂಡಿನಲ್ಲಿ ಕೇಳಿಸಲು ಶುರುವಾಗುತ್ತದೆ. ಮಹಿಷಾಸುರ ರಂಗಸ್ಥಳದಿಂದ ಬರುವುದಿಲ್ಲ, ನಮ್ಮ ಬೆನ್ನ ಹಿಂದಿನಿಂದ ಬರುತ್ತಾನೆ. ದೊಂದಿ ಹಿಡಿದವರು ಓಡುತ್ತಾರೆ, ರಾಳದ ಪುಡಿ ಎರಚಿದಾಗ ಬೆಂಕಿ ಆಳೆತ್ತರ ಏಳುತ್ತದೆ, ಮುಖಕ್ಕೆ ಬಿಸಿ ತಾಗುತ್ತದೆ, ಎರಡು ಕೊಂಬು ಜನರ ತಲೆಯ ಮೇಲೆ ತೇಲಿಕೊಂಡು ಹೋಗುತ್ತವೆ. ಮಕ್ಕಳು ಅಳುತ್ತಾರೆ. ಎಪ್ಪತ್ತು ವರ್ಷದಿಂದ ನೋಡಿದವರೂ ಕುರ್ಚಿಯಲ್ಲಿ ನೆಟ್ಟಗಾಗುತ್ತಾರೆ. ಆ ಹೊತ್ತಿಗೆ ನಿಮ್ಮ ತಲೆಯಲ್ಲಿ ನಿಮ್ಮ ಇಎಂಐ ಇರುವುದಿಲ್ಲ, ನಾನು ಬರೆದುಕೊಡುತ್ತೇನೆ.

ಎರಡು ಮೂರು ಗಂಟೆಗೆ ನಿದ್ದೆ ಎಳೆಯುತ್ತದೆ. ಅದರ ಜೊತೆ ಜಗಳ ಆಡಬೇಡಿ. ಅರ್ಧ ನಿದ್ದೆ, ಅರ್ಧ ಎಚ್ಚರ, ಆ ನಡುವಿನ ಸ್ಥಿತಿಯಲ್ಲಿ ಭಾಗವತರ ಪದ್ಯ ಕನಸಿನೊಳಗೆ ಬರುತ್ತದೆ, ಕಿರೀಟದ ಬಣ್ಣ ಕಣ್ಣು ಮುಚ್ಚಿದರೂ ಕಾಣುತ್ತದೆ, ತೆರೆದಾಗ ಇನ್ನೊಬ್ಬ ರಕ್ಕಸ ಬಂದಿರುತ್ತಾನೆ. ನಮ್ಮ ಅಜ್ಜಿಯರು ಚಾಪೆ ತಂದು ಮಲಗಿಕೊಂಡು ಆಟ ನೋಡುತ್ತಿದ್ದದ್ದು ಸೋಮಾರಿತನದಿಂದ ಅಲ್ಲ ಅಂತ ನನಗೆ ಈಗ ಅನಿಸುತ್ತದೆ. ಹಾಸ್ಟೆಲಿನ ಟೆರೇಸಿನಲ್ಲಿ ಕೇಳಿದ ಕಥೆಗಳಿಗೆ ಅತಿ ಹತ್ತಿರದ್ದು ಈ ಹೊತ್ತೇ. ಕಾಲಮಿತಿ ಆಟದಲ್ಲಿ ಇದು ಸಿಗುವುದಿಲ್ಲ, ಅದಕ್ಕೇ ಬೆಳಗಿನವರೆಗೆ ಕೂರಿ ಅಂದದ್ದು.

ಉಡುಪಿಯಿಂದ ಬಡಗಿನ ಕಡೆಯವರು ಬಡಗಣ ಶೈಲಿಯ ಬಡಗುತಿಟ್ಟು ನೋಡಿ, ಲಯ ಬೇರೆ, ಹೆಜ್ಜೆ ಬೇರೆ, ಕಣ್ಣಿಗಿಂತ ಪದ್ಯಕ್ಕೆ ಮನಸ್ಸು ಕೊಟ್ಟರೆ ಚೆಂದ. ಮಳೆಗಾಲದಲ್ಲಿ ತಾಳಮದ್ದಳೆ ಉಂಟು. ವೇಷವೂ ಇಲ್ಲ, ಕುಣಿತವೂ ಇಲ್ಲ. ನಾಲ್ಕು ಜನ ಪಂಚೆ ಉಟ್ಟು ಕೂತು ಅರ್ಥ ಹೇಳುತ್ತಾರೆ, ಕೃಷ್ಣನ ಪರ ತಲೆ ಆಡಿಸುತ್ತಿದ್ದ ನಾವು ಹತ್ತು ನಿಮಿಷದಲ್ಲಿ ಕೌರವನ ಪರ ಆಗಿರುತ್ತೇವೆ. ನಮ್ಮ ಅಭಿಪ್ರಾಯ ಅಂತ ಗಟ್ಟಿ ಹಿಡಿದದ್ದು ಅಷ್ಟು ಸುಲಭವಾಗಿ ತಿರುಗುವುದನ್ನು ಒಳಗಿಂದಲೇ ನೋಡಬೇಕು.

ಕೋಲ, ನಾಗಮಂಡಲ: ಇಲ್ಲಿ ಬೇರೆ ನಿಯಮ

ಕೋಲ ಅಂದರೆ ದೈವದ ಆರಾಧನೆ, ಇದನ್ನು ಕಲೆ ಅಂತ ಪಟ್ಟಿಗೆ ಸೇರಿಸಲು ನನಗೆ ಮನಸ್ಸಿಲ್ಲ. ಪಂಜುರ್ಲಿಯೋ ಜುಮಾದಿಯೋ ದೈವ ಬಂದಾಗ ಅಲ್ಲಿ ಕೂತವರು ಪ್ರೇಕ್ಷಕರಲ್ಲ, ಅವರಿಗೆ ದೈವದ ಹತ್ತಿರ ಹೇಳಿಕೊಳ್ಳುವುದು ಉಂಟು, ಕೇಳುವುದು ಉಂಟು. ಅನುಭವ ಬೇಕು ಅಂತ ಹೋಗಬೇಡಿ. ಕರೆದರೆ ಹೋಗಿ, ಮನೆಯವರು ಹೇಳಿದ ಕಡೆ ಕೂರಿ, ಅವರು ಎದ್ದಾಗ ಏಳಿ, ಕ್ಯಾಮೆರಾ ತೆಗೆಯಬೇಡಿ, ದೈವದ ಕಥೆಯ ಹಾಡಾದ ಪಾಡ್ದನ ಹೇಳುವಾಗ ಮಾತಾಡಬೇಡಿ. ಮನೆಗೆ ಬಂದು ದೈವದ ಕೂಗು ಅನುಕರಣೆ ಮಾಡಿ ರೀಲ್ಸ್ ಹಾಕುವವರನ್ನು ಕಂಡರೆ ನನಗೆ ನಿಜಕ್ಕೂ ನೋವಾಗುತ್ತದೆ.

ನಾಗನ ಆರಾಧನೆಯಾದ ನಾಗಮಂಡಲಕ್ಕೆ ಹೋಗುವುದಾದರೆ ರಾತ್ರಿಯ ನರ್ತನಕ್ಕಷ್ಟೇ ಹೋಗದೆ, ಮಂಡಲ ಬರೆಯುವ ಹೊತ್ತಿಗೇ ಹೋಗಿ. ಬಿಳಿ, ಹಳದಿ, ಕೆಂಪು, ಹಸಿರು, ಕಪ್ಪು, ಐದೇ ಬಣ್ಣ. ಅರಸಿನ, ಅರಸಿನಕ್ಕೆ ಸುಣ್ಣ ಸೇರಿಸಿದ ಕೆಂಪು, ಎಲೆಯ ಪುಡಿಯ ಹಸಿರು, ಸುಟ್ಟ ಉಮಿಯ ಕಪ್ಪು. ಹಾವಿನ ಗಂಟುಗಳನ್ನು ಕಣ್ಣಿನಲ್ಲಿ ಹಿಂಬಾಲಿಸಿ, ಎಲ್ಲಿ ಶುರು ಎಲ್ಲಿ ಕೊನೆ ಅಂತ ಹುಡುಕಿ. ಬೆಳಿಗ್ಗೆ ಅಷ್ಟೂ ಅಳಿಸಿ ಹೋಗಿರುತ್ತದೆ.

ಕಲ್ಲು, ಬಣ್ಣ, ಆಕಾಶ

ಜನ ಬೇಡ, ಗದ್ದಲ ಬೇಡ ಅನ್ನುವವರಿಗೆ ಮಂಗಳೂರಿನ ಲೈಟ್‌ಹೌಸ್ ಹಿಲ್ಲಿನ ಸಂತ ಅಲೋಶಿಯಸ್ ಚಾಪೆಲ್. ಇಟಲಿಯಿಂದ ಬಂದ ಯೇಸು ಸಭೆಯ ಬ್ರದರ್ ಆಂಟೋನಿಯೊ ಮೊಸ್ಕೆನಿ 1899ರಿಂದ 1901ರ ನಡುವೆ ಒಳಗಿನ ಗೋಡೆ, ಛಾವಣಿ ಎಲ್ಲ ಚಿತ್ರದಿಂದ ತುಂಬಿಸಿದರು. ಹೆಚ್ಚಿನವರು ಕುತ್ತಿಗೆ ಎತ್ತಿ ಒಂದು ಸುತ್ತು ನೋಡಿ ಹೊರಗೆ ಬರುತ್ತಾರೆ. ನೀವು ಬೆಂಚಿನಲ್ಲಿ ಕೂತು ಒಂದೇ ಒಂದು ಚಿತ್ರ ಆರಿಸಿ, ಅದನ್ನೇ ಅರ್ಧ ಗಂಟೆ ನೋಡಿ. ಅಲೋಶಿಯಸ್ ರೋಮಿನಲ್ಲಿ ಪ್ಲೇಗಿನವರ ಆರೈಕೆ ಮಾಡಿ 1591ರಲ್ಲಿ 23ನೇ ವಯಸ್ಸಿಗೆ ತೀರಿಕೊಂಡವರು, ಛಾವಣಿಯಲ್ಲಿ ಅವರ ಜೀವನ ಉಂಟು. ಹತ್ತನೇ ನಿಮಿಷಕ್ಕೆ ಚಿತ್ರದ ಮೂಲೆಯ ಮುಖಗಳು ಕಾಣಲು ಶುರುವಾಗುತ್ತವೆ, ಇಪ್ಪತ್ತನೇ ನಿಮಿಷಕ್ಕೆ ಬೆಳಕು ಎಲ್ಲಿಂದ ಬೀಳುತ್ತಿದೆ ಅಂತ ಗೊತ್ತಾಗುತ್ತದೆ. ಪ್ರಾರ್ಥನೆಯ ಹೊತ್ತು ಬಿಟ್ಟು ಹೋಗಿ.

ಕಾರ್ಕಳಕ್ಕೆ ಹೋದರೆ ಎರಡನ್ನೂ ಒಂದೇ ಬೆಳಿಗ್ಗೆ ಮಾಡಿ. ಮೊದಲು 1586ರ ಚತುರ್ಮುಖ ಬಸದಿ. ಯಾವ ದಿಕ್ಕಿನಿಂದ ಬಂದರೂ ಅದೇ ಬಾಗಿಲು, ಅದೇ ಕಂಬಗಳು. ಮಾತಿಲ್ಲದೆ ನಿಧಾನ ಸುತ್ತು ಹಾಕಿದರೆ ನಾವು ಯಾವ ಕಡೆ ಇದ್ದೇವೆ ಅನ್ನುವುದೇ ತಪ್ಪುತ್ತದೆ, ಚೆಂದ ಅನಿಸುತ್ತದೆ. ಆಮೇಲೆ ಬಿಸಿಲೇರುವ ಮೊದಲು ಎದುರಿನ ಬೆಟ್ಟ ಹತ್ತಿ. 1432ರಲ್ಲಿ ನಿಲ್ಲಿಸಿದ 42 ಅಡಿಯ ಬಾಹುಬಲಿ. ದೂರದಿಂದ ನೋಡಿ ಸೆಲ್ಫಿ ತೆಗೆಯುವ ಬದಲು ಪಾದದ ಹತ್ತಿರ ಕೂತು ಮೇಲೆ ನೋಡಿ.

ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರಿಸ್ ದ್ವೀಪಕ್ಕೆ ಎಲ್ಲರೂ ಹೋಗಿರುತ್ತಾರೆ. ಮಳೆಗಾಲದಲ್ಲಿ ದೋಣಿ ಇಲ್ಲ. ಅಲ್ಲಿಯ ಕಂಬದಂಥ ಕಲ್ಲುಗಳು ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರ್ಪಡುವ ಕಾಲದಲ್ಲಿ ಲಾವಾ ಆರಿ ಬಿರುಕು ಬಿಟ್ಟು ಆದದ್ದು. ಒಂದು ಕಂಬದ ಮೇಲೆ ಕೈ ಇಟ್ಟು, ಈ ಕಲ್ಲಿನ ಆಚೆಗೆ ಆಗ ಸಮುದ್ರ ಇರಲಿಲ್ಲ, ನೆಲ ಇತ್ತು ಅಂತ ಯೋಚಿಸಿ.

ಮಕ್ಕಳಿದ್ದರೆ, ಅಥವಾ ಮೊಣಕಾಲು ಬೆಟ್ಟ ಹತ್ತಲು ಬಿಡದಿದ್ದರೆ, ಪಿಲಿಕುಳದ ಸ್ವಾಮಿ ವಿವೇಕಾನಂದ ತಾರಾಲಯ ಒಳ್ಳೆಯದು. 2018ರಲ್ಲಿ ತೆರೆದದ್ದು, ತ್ರೀಡಿ ಪರದೆ ತಲೆಯ ಸುತ್ತ ಬರುತ್ತದೆ. ತಲೆ ತಿರುಗಿದರೆ ಒಂದು ನಿಮಿಷ ಕಣ್ಣು ಮುಚ್ಚಿ. ಇನ್ನು ಹೊಸ ಕಾಲದ ಕಲೆ ದೊಡ್ಡ ಮಟ್ಟದಲ್ಲಿ ಬೇಕಾದರೆ ಮಂಗಳೂರಿನಿಂದ ರಾತ್ರಿ ರೈಲು ಹತ್ತಿ ಕೊಚ್ಚಿ ಬಿನಾಲೆ ಎಂಬ ಕಲಾ ಪ್ರದರ್ಶನಕ್ಕೆ ಹೋಗಿ. 2012ರಲ್ಲಿ ಶುರುವಾದದ್ದು. ಹಳೆಯ ಗೋದಾಮುಗಳ ಒಳಗೆ ಸದ್ದು, ಬೆಳಕು, ಹೊಗೆ, ನೀರು ಎಲ್ಲ ಇರುತ್ತವೆ. ಒಂದು ದಿನಕ್ಕೆ ಮೂರು ನಾಲ್ಕು ಕೋಣೆಗಿಂತ ಜಾಸ್ತಿ ನೋಡಬೇಡಿ.

ಮರುದಿನ

ಇದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಬಂದ ಕೂಡಲೇ ಯಾರಿಗೂ ವರ್ಣನೆ ಮಾಡಬೇಡಿ, ಹೇಳಿದಷ್ಟೂ ಅದು ಕಥೆಯಾಗಿ ಗಟ್ಟಿಯಾಗುತ್ತದೆ. ನಿದ್ದೆ ಮಾಡಿ, ಎದ್ದು ನಾಲ್ಕು ಸಾಲು ಬರೆಯಿರಿ: ಯಾವ ಸದ್ದು ಉಳಿದಿದೆ, ಯಾವ ಬಣ್ಣ, ಯಾರ ನೆನಪಾಯಿತು. ಅಳು ಬಂದಿದ್ದರೆ ಅದನ್ನೂ ಬರೆಯಿರಿ. ವಯಸ್ಸಾದ ಮೇಲೆ ಇಂಥ ಕಡೆಗಳಲ್ಲಿ ತೀರಿಹೋದ ಅಪ್ಪ ಅಮ್ಮ ನೆನಪಾಗುವುದು ಸಾಮಾನ್ಯ, ಅದರಲ್ಲಿ ನಾಚಿಕೆ ಇಲ್ಲ.

ಆಮೇಲೆ ವಾರಕ್ಕೊಮ್ಮೆ ಹದಿನೈದು ನಿಮಿಷ ನಡೆಯಿರಿ, ಬೆರಗಿನಿಂದ ನೋಡುತ್ತಾ. 2020ರಲ್ಲಿ ಅಮೆರಿಕದಲ್ಲಿ ವಯಸ್ಸಾದವರಿಗೆ 8 ವಾರ ಇದನ್ನೇ ಮಾಡಿಸಿದ ಅಧ್ಯಯನ ಪ್ರಕಟವಾಯಿತು. ಸುಮ್ನೆ ನಡೆದವರಿಗಿಂತ ಬೆರಗಿನಿಂದ ನಡೆದವರಿಗೆ ಸಂತೋಷ ಜಾಸ್ತಿಯಾಗಿತ್ತು. ಅವರು ತೆಗೆದುಕೊಂಡ ಸೆಲ್ಫಿಗಳಲ್ಲಿ ವಾರ ಕಳೆದ ಹಾಗೆ ಅವರ ಮುಖ ಸಣ್ಣದಾಗಿ, ಸುತ್ತಲಿನ ಜಾಗ ದೊಡ್ಡದಾಗಿ ಕಾಣುತ್ತಾ ಹೋಯಿತು. ಪಣಂಬೂರು, ಕಾಪು, ಮಣಿಪಾಲದ ಎಂಡ್ ಪಾಯಿಂಟ್, ಎಲ್ಲಿ ಬೇಕಾದರೂ ಆಗುತ್ತದೆ.

ದೇಹದ ವಿಷಯ

ಬೈಪೋಲಾರ್ ಇದ್ದವರು ರಾತ್ರಿ ನಿದ್ದೆ ಬಿಡುವ ಸಾಹಸ ಮಾಡಬೇಡಿ, ನಿದ್ದೆ ತಪ್ಪಿದರೆ ಕಾಯಿಲೆ ಕೆರಳಬಹುದು. ಕಾಲಮಿತಿ ಆಟಕ್ಕೆ ಹೋಗಿ, ಹೊತ್ತಿಗೆ ಸರಿಯಾಗಿ ಮಲಗಿ. ಫಿಟ್ಸ್ ಇದ್ದವರಿಗೆ ಮಿನುಗುವ ಬೆಳಕಿನ ಪ್ರದರ್ಶನ ಬೇಡ. ಶುಗರ್ ಇದ್ದವರು ಮಾತ್ರೆ, ಬಿಸ್ಕತ್ತು, ನೀರು ಚೀಲದಲ್ಲಿ ಇಟ್ಟುಕೊಳ್ಳಿ. ಒಂದೊಂದು ಗಂಟೆಗೆ ಎದ್ದು ಕಾಲು ಬಿಡಿಸಿಕೊಳ್ಳಿ, ಡಿಸೆಂಬರ್, ಜನವರಿಯ ಮಂಜಿಗೆ ಒಂದು ಶಾಲು ಬೇಕು. ಬೆಳಿಗ್ಗೆ ಆಟ ಮುಗಿದ ಮೇಲೆ ಗಾಡಿ ನೀವೇ ಬಿಡಬೇಡಿ. ಹೈವೇ 66ರಲ್ಲಿ ಬೆಳಗಿನ ತೂಕಡಿಕೆಗೆ ಜೀವ ಹೋಗಬಹುದು. ನಿದ್ದೆ ಮಾಡಿದವರೊಬ್ಬರನ್ನು ಬರಲು ಹೇಳಿ, ಇಲ್ಲವಾದರೆ ಮೊದಲ ಬಸ್ಸು ಹಿಡಿಯಿರಿ.